ಎರಡು ಗಾಜು, ಒಂದು ಡ್ರಿಪ್ ಸೆಟ್: ವಿನ್ಯಾಸ ಹುಟ್ಟುವ ಗಡಿಯನ್ನು ಮನೆಯಲ್ಲೇ ಅಳೆಯುವ ಬಗೆ

ಬಿ.ಎಸ್‌ಸಿ. ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ನಮ್ಮ ಮನೆಗೆ ಬರುವ ಮಕ್ಕಳು ಚಪ್ಪಲಿ ಬಿಡುವ ಮೊದಲೇ ಕೇಳುವುದು, “ಮೇಡಂ, ಯಾವ ಸಾಫ್ಟ್‌ವೇರ್ ಹಾಕ್ಕೋಬೇಕು?” ಅಂತ. ಮೊದಲು ಗಾಜಿನ ಅಂಗಡಿಗೆ ಹೋಗಿ ಬನ್ನಿ, ಆಮೇಲೆ ಮೆಡಿಕಲ್ ಸ್ಟೋರಿಗೆ, ಸಾಫ್ಟ್‌ವೇರ್ ಕಥೆ ಆಮೇಲೆ ನೋಡೋಣ ಎನ್ನುತ್ತೇನೆ. ಕೆಲವರು ಮತ್ತೆ ಬರುವುದಿಲ್ಲ. ಬಂದವರಿಗಾಗಿ ಹೇಳಿ ಹೇಳಿ ಬಾಯಿಪಾಠವಾದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಕೆಲಸ ಮಾಡಿದ ಕ್ಷೇತ್ರಕ್ಕೆ ಇರುವ ಹೆಸರು ನಾನ್‌ಲೀನಿಯರ್ ಡೈನಾಮಿಕ್ಸ್ ಮತ್ತು ಪ್ಯಾಟರ್ನ್ ಫಾರ್ಮೇಶನ್. ಹೆಸರು ಕೇಳಿ ಗಾಬರಿಯಾಗಬೇಡಿ. ಒಂದೇ ಸಮನಾಗಿದ್ದ ದ್ರವವೋ ಲೋಹವೋ ಮರಳೋ, ಯಾರೂ ಗೆರೆ ಎಳೆಯದೆ, ಅಚ್ಚು ಒತ್ತದೆ, ತಾನಾಗಿಯೇ ಪಟ್ಟೆ, ಚೌಕ, ಬೆರಳು, ಷಟ್ಕೋನಗಳಾಗಿ ಒಡೆದುಕೊಳ್ಳುವುದು ಯಾವಾಗ, ಯಾಕೆ ಎಂದು ಕೇಳುವ ಕೆಲಸ. ಇದರ ಫೋಟೊಗಳು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ನನ್ನ ತಕರಾರು ಇರುವುದೇ ಅಲ್ಲಿ. ಪಕ್ಕದಲ್ಲಿ ಸ್ಕೇಲ್ ಇಡದೆ ತೆಗೆದ ಫೋಟೊ ಕ್ಯಾಲೆಂಡರಿಗೆ ಆದೀತು, ಪ್ರಾಜೆಕ್ಟಿಗೆ ಆಗದು. ನಾವು ಅಳೆಯಬೇಕಾದವು ಎರಡು: ಯಾವ ಹಂತ ದಾಟಿದಾಗ ವಿನ್ಯಾಸ ಹುಟ್ಟಿತು, ಮತ್ತು ಹುಟ್ಟಿದ ಗಳಿಗೆಯಲ್ಲಿ ಅದರ ಅಗಲ ಎಷ್ಟಿತ್ತು. ದೊಡ್ಡದಾಗಿ ಬೆಳೆದು ಸುಂದರವಾಗಿ ಕಾಣುವ ಹೊತ್ತಿಗೆ ಕಥೆಯ ಮುಕ್ಕಾಲು ಭಾಗ ಮುಗಿದಿರುತ್ತದೆ.

ಮೂರು ಪ್ರಯೋಗ ಹೇಳುತ್ತೇನೆ. ಮೊದಲನೆಯದಕ್ಕೇ ಹೆಚ್ಚು ಜಾಗ ಕೊಡುತ್ತೇನೆ, ಅದು ನನ್ನದು.

ಗಾಜಿನ ನಡುವೆ ಗಾಳಿಯ ಬೆರಳುಗಳು

ಎರಡು ಗಾಜಿನ ನಡುವಿನ ಸಂದಿಯಲ್ಲಿ ಗ್ಲಿಸರಿನ್ ತುಂಬಿ, ನಡುವಿನ ತೂತಿನಿಂದ ಗಾಳಿ ಬಿಟ್ಟು, ಅದು ಬೆರಳುಗಳಾಗಿ ನುಗ್ಗುವುದನ್ನು ಅಳೆಯುವುದು ಇಲ್ಲಿನ ಕೆಲಸ. ನಿಮ್ಮ ಬಡಾವಣೆಯ ಗ್ಲಾಸ್ ಮತ್ತು ಪ್ಲೈವುಡ್ ಅಂಗಡಿಯಲ್ಲಿ 30 ಸೆಂ.ಮೀ. ಚೌಕದ ಎರಡು ಗಾಜು ಕತ್ತರಿಸಿಕೊಡಲು ಹೇಳಿ. ದಪ್ಪ 8 ಮಿ.ಮೀ. ಇರಲಿ. “ಟೀಪಾಯಿಗಾ ಮೇಡಂ?” ಎಂದು ಕೇಳುತ್ತಾರೆ, ಹೌದು ಎಂದುಬಿಡಿ, ವಿವರಿಸಲು ಹೋದರೆ ಸಂಜೆಯಾಗುತ್ತದೆ. 4 ಮಿ.ಮೀ. ಗಾಜು ಅಗ್ಗ, ಆದರೆ ಒಳಗಿನ ಒತ್ತಡಕ್ಕೆ ನಡುವೆ ಉಬ್ಬುತ್ತದೆ, ನಿಮ್ಮ ಲೆಕ್ಕವೆಲ್ಲ ಕೆಡುತ್ತದೆ. ಒಂದು ಗಾಜಿನ ನಟ್ಟನಡುವೆ 5 ಮಿ.ಮೀ. ತೂತು ಕೊರೆಸಬೇಕು. ಟಫನ್ಡ್ ಗಾಜು ಬೇಡವೆಂದು ಮೊದಲೇ ಹೇಳಿ, ಅದಕ್ಕೆ ಆಮೇಲೆ ತೂತು ಕೊರೆಯಲು ಹೋದರೆ ಪುಡಿಪುಡಿಯಾಗುತ್ತದೆ. ಅಂಚನ್ನು ಉಜ್ಜಿ ಪಾಲಿಶ್ ಮಾಡಿಸದೆ ಮನೆಗೆ ತರಬೇಡಿ. ಒಂದೊಂದು ಗಾಜೂ ಸುಮಾರು 1.8 ಕಿಲೊ ತೂಗುತ್ತದೆ, ಗ್ಲಿಸರಿನ್ ಕೈಯಲ್ಲಿ ಅದು ಜಾರುತ್ತದೆ.

ಎರಡು ಗಾಜಿನ ನಡುವೆ ಅರ್ಧ ಮಿ.ಮೀ. ಸಂದಿ ಬೇಕು. ಇದಕ್ಕೆ ನಾನು ಬಳಸುವುದು ಓಎಚ್‌ಪಿ ಹಾಳೆ, ಹಳೆಯ ಓವರ್‌ಹೆಡ್ ಪ್ರೊಜೆಕ್ಟರಿಗೆ ಇಡುತ್ತಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಪ್ರೊಜೆಕ್ಟರ್ ಕಾಲ ಮುಗಿದ ಮೇಲೆ ಎಲ್ಲ ಕಾಲೇಜುಗಳ ಬೀರುವಿನಲ್ಲೂ ಒಂದು ಕಟ್ಟು ಅನಾಥವಾಗಿ ಬಿದ್ದಿರುತ್ತದೆ. ಒಂದು ಹಾಳೆ ಸುಮಾರು 0.1 ಮಿ.ಮೀ., ಐದನ್ನು ಸೇರಿಸಿ ಚಿಕ್ಕ ಚೌಕ ಕತ್ತರಿಸಿ ನಾಲ್ಕು ಮೂಲೆಗೂ ಇಡಿ. ಸುಮಾರು ಎಂದೆನಲ್ಲ, ಅದನ್ನು ನಂಬಬೇಡಿ. ಲ್ಯಾಬಿನ ಸ್ಕ್ರೂಗೇಜ್ ಹಿಡಿದು ಪ್ರತಿ ಮೂಲೆಯ ಕಟ್ಟನ್ನೂ ಅಳೆದು ಬರೆದುಕೊಳ್ಳಿ. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೇಕೆ ಗಲಾಟೆ ಎಂದರೆ, ಹರಿವು ಒಂದೇ ಇದ್ದಾಗ ಬೆರಳಿನ ಅಗಲ ಸಂದಿಯ ಒಂದೂವರೆ ಘಾತದಂತೆ ಬದಲಾಗುತ್ತದೆ. ಸಂದಿಯಲ್ಲಿ ನೂರಕ್ಕೆ 10 ತಪ್ಪಿದರೆ ಉತ್ತರದಲ್ಲಿ 15 ತಪ್ಪುತ್ತದೆ.

ಇನ್ನು ಗ್ಲಿಸರಿನ್. ಮೆಡಿಕಲ್ ಸ್ಟೋರಿನ ಚಿಕ್ಕ ಬಾಟಲಿ ಸಾಕು: 20 ಸೆಂ.ಮೀ. ವ್ಯಾಸದ ವೃತ್ತ ತುಂಬಲು ಬೇಕಾಗುವುದು 16 ಮಿ.ಲೀ. ಅಷ್ಟೆ. ಆದರೆ ಗ್ಲಿಸರಿನ್ ಗಾಳಿಯ ತೇವವನ್ನು ಹೀರುತ್ತದೆ. 20 ಡಿಗ್ರಿಯಲ್ಲಿ ಶುದ್ಧ ಗ್ಲಿಸರಿನ್ನಿನ ಸ್ನಿಗ್ಧತೆ (ಹರಿಯಲು ಅದು ಒಡ್ಡುವ ತಡೆ, ವಿಸ್ಕಾಸಿಟಿ) 1.41 ಪಾಸ್ಕಲ್ ಸೆಕೆಂಡ್. ತೂಕದಲ್ಲಿ ನೂರಕ್ಕೆ 5ರಷ್ಟು ನೀರು ಸೇರಿದರೆ ಅದು 0.52ಕ್ಕೆ ಇಳಿಯುತ್ತದೆ, 10ರಷ್ಟು ಸೇರಿದರೆ 0.22ಕ್ಕೆ. ಬೆಂಗಳೂರಿನ ಆಗಸ್ಟ್ ಮಳೆಯಲ್ಲಿ ಮುಚ್ಚಳ ತೆಗೆದಿಟ್ಟ ಬಾಟಲಿ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಆದ್ದರಿಂದ ಬಾಟಲಿಯ ಮೇಲಿನ ಚೀಟಿ ನೋಡಿ ಸ್ನಿಗ್ಧತೆ ಬರೆಯಬೇಡಿ. ಮೊದಲ ವರ್ಷದಲ್ಲಿ ಹರಳೆಣ್ಣೆಯಲ್ಲಿ ಗುಂಡು ಬಿಟ್ಟು ಸ್ಟೋಕ್ಸ್ ನಿಯಮ ಮಾಡಿದ್ದೀರಲ್ಲ, ಅದನ್ನೇ ಇಲ್ಲಿ ಮಾಡಿ. ಸೈಕಲ್ ಬೇರಿಂಗಿನ 3 ಮಿ.ಮೀ. ಉಕ್ಕಿನ ಗುಂಡು 1 ಪಾಸ್ಕಲ್ ಸೆಕೆಂಡಿನ ಗ್ಲಿಸರಿನ್ನಿನಲ್ಲಿ ಸೆಕೆಂಡಿಗೆ ಸುಮಾರು 3 ಸೆಂ.ಮೀ. ಇಳಿಯುತ್ತದೆ, ಸ್ಟಾಪ್‌ವಾಚಿಗೆ ಆರಾಮಾಗಿ ಸಿಗುವ ವೇಗ. ಅಳೆದ ದಿನದ ಕೋಣೆಯ ತಾಪವನ್ನೂ ಬರೆಯಿರಿ, 25 ಡಿಗ್ರಿಗೆ ಬಂದರೆ ಶುದ್ಧ ಗ್ಲಿಸರಿನ್ನೂ 1ರ ಹತ್ತಿರಕ್ಕೆ ಇಳಿದಿರುತ್ತದೆ. ಬಣ್ಣಕ್ಕೆ ಚಿಟಿಕೆ ಕೇಸರಿ ಬಣ್ಣದ ಪುಡಿ ಹಾಕಿ. ಇಂಕು ಬೇಡ, ಅದರಲ್ಲಿ ನೀರಿದೆ.

ಸಿರಿಂಜಿಗೆ ಮೊಂಡು ನಳಿಕೆ ಸಿಕ್ಕಿಸಿ ತೂತಿನಿಂದ ಗ್ಲಿಸರಿನ್ ನಿಧಾನ ಒತ್ತಿ. ಗಮನಿಸಿ, ಅದು ಹರಡುವುದು ಅಚ್ಚುಕಟ್ಟಾದ ವೃತ್ತವಾಗಿ. ಇದೇ ನಿಮ್ಮ ಮೊದಲ ಪರೀಕ್ಷೆ. ವೃತ್ತ ಒಂದು ಕಡೆ ಉದ್ದವಾದರೆ ಸಂದಿ ಅಲ್ಲಿ ಹೆಚ್ಚಿದೆ ಎಂದರ್ಥ, ಮೂಲೆಯ ಹಾಳೆ ಸರಿಮಾಡಿ ಮತ್ತೆ ತುಂಬಿ. ವೃತ್ತ ಸರಿಯಾಗಿ ಬಂದ ಮೇಲೆ, ಅದೇ ಸಿರಿಂಜಿನಿಂದ ಸ್ವಲ್ಪ ಹಿಂದಕ್ಕೆ ಎಳೆಯಿರಿ. ಹೊರಗಿನ ಅಂಚು ತಕ್ಷಣ ಸೊಟ್ಟಗಾಗಿ ಗಾಳಿ ನಾಲಿಗೆ ಚಾಚಿ ಒಳಗೆ ನುಗ್ಗುತ್ತದೆ. ಒತ್ತಿದಾಗ ಗುಂಡಗೆ, ಎಳೆದಾಗ ಸೀಳು. ದಪ್ಪ ದ್ರವ ತೆಳುವನ್ನು ತಳ್ಳಿದರೆ ಅಂಚು ಸ್ಥಿರ, ತೆಳುವು ದಪ್ಪವನ್ನು ತಳ್ಳಿದರೆ ಅಸ್ಥಿರ. ಮಕ್ಕಳಿಗೆ ಇದನ್ನು ತೋರಿಸಿದಾಗ ಬೋರ್ಡಿನ ಮೇಲಿನ ಅರ್ಧ ಗಂಟೆಯ ಪಾಠ ಉಳಿತಾಯವಾಗುತ್ತದೆ.

ಕಾರಣ ಕಷ್ಟದ್ದಲ್ಲ. ಗಾಳಿಯ ಅಂಚಿನಲ್ಲಿ ಎಲ್ಲೋ ಒಂದು ಸಣ್ಣ ಉಬ್ಬು ಎದ್ದಿತು ಅಂದುಕೊಳ್ಳಿ. ಆ ಉಬ್ಬಿನ ಮುಂದೆ ತಳ್ಳಬೇಕಾದ ಗ್ಲಿಸರಿನ್ ಅಕ್ಕಪಕ್ಕಕ್ಕಿಂತ ಕಡಿಮೆ, ಆದ್ದರಿಂದ ಅಲ್ಲಿ ಒತ್ತಡದ ಇಳಿಜಾರು ಹೆಚ್ಚು, ಉಬ್ಬು ಇನ್ನೂ ಬೇಗ ಮುಂದೆ ಹೋಗುತ್ತದೆ. ಇದ್ದವನಿಗೇ ಇನ್ನಷ್ಟು ಎನ್ನುವ ವ್ಯವಹಾರ. ತಡೆಯುವುದು ಮೇಲ್ಮೈ ಎಳೆತ (ಸರ್ಫೇಸ್ ಟೆನ್ಶನ್), ಅದು ತೀರ ಸಣ್ಣ ಸುಕ್ಕುಗಳನ್ನು ಸವರಿ ಅಳಿಸುತ್ತದೆ. ಇವೆರಡರ ಜಗ್ಗಾಟದಲ್ಲಿ ಒಂದು ಅಗಲ ಎಲ್ಲಕ್ಕಿಂತ ಬೇಗ ಬೆಳೆಯುತ್ತದೆ. ಕೇಂಬ್ರಿಜ್‌ನ ಫಿಲಿಪ್ ಸಾಫ್‌ಮನ್ ಮತ್ತು ಜೆಫ್ರಿ ಟೇಲರ್ 1958ರಲ್ಲಿ ಇದನ್ನು ಬಿಡಿಸಿ ಬರೆದರು. ಹಿನ್ನೆಲೆಯಲ್ಲಿದ್ದದ್ದು ಎಣ್ಣೆ ಬಾವಿಯ ತೊಂದರೆ: ಬಂಡೆಯ ಸಂದುಗಳಲ್ಲಿರುವ ದಪ್ಪ ಎಣ್ಣೆಯನ್ನು ನೀರು ಬಿಟ್ಟು ತಳ್ಳಿದರೆ, ನೀರು ಎಣ್ಣೆಯನ್ನು ಒಟ್ಟಾಗಿ ತಳ್ಳದೆ ಬೆರಳು ಬಿಟ್ಟು ದಾಟಿಹೋಗುತ್ತದೆ. ಗಾಜಿನ ಸಂದಿ ಅದಕ್ಕೂ ಹಳೆಯದು, 1898ರಲ್ಲಿ ಹೆನ್ರಿ ಹೀಲ್-ಶಾ ನೀರಿನ ಹರಿವಿನ ಗೆರೆಗಳನ್ನು ಕಣ್ಣಿಗೆ ಕಾಣಿಸಲು ಮಾಡಿಕೊಂಡದ್ದು.

ಈಗ ಸೂತ್ರ. ಬೇಗ ಬೆಳೆಯುವ ಅಲೆಯ ಉದ್ದ = ಪೈ × ಸಂದಿ × ವರ್ಗಮೂಲ (ಮೇಲ್ಮೈ ಎಳೆತ ÷ (ಸ್ನಿಗ್ಧತೆ × ಅಂಚಿನ ವೇಗ)). ನೆಟ್ಟಗಿರುವ ಅಂಚಿಗೆ ಬರೆದದ್ದು, ವೃತ್ತಕ್ಕೆ ಅಂದಾಜಾಗಿ ಹೊಂದುತ್ತದೆ. ಗ್ಲಿಸರಿನ್ನಿನ ಮೇಲ್ಮೈ ಎಳೆತ ಮೀಟರಿಗೆ 0.063 ನ್ಯೂಟನ್. ಸಂದಿ ಅರ್ಧ ಮಿ.ಮೀ., ಸ್ನಿಗ್ಧತೆ 1, ಅಂಚಿನ ವೇಗ ಸೆಕೆಂಡಿಗೆ 1.6 ಮಿ.ಮೀ. ಎಂದಿಟ್ಟುಕೊಂಡರೆ ಉತ್ತರ ಸುಮಾರು 1 ಸೆಂ.ಮೀ. ನಡುವಿನ ತೂತಿನಿಂದ ಬಿಟ್ಟ ಗಾಳಿಯ ಗುಳ್ಳೆ 2 ಸೆಂ.ಮೀ. ತ್ರಿಜ್ಯಕ್ಕೆ ಬಂದಾಗ ಸುತ್ತಳತೆ 12.6 ಸೆಂ.ಮೀ., ಅಂದರೆ ಸುಮಾರು 12 ಉಬ್ಬುಗಳು ಕಾಣಬೇಕು. ನೋಡಿ, ಎಣಿಸಿ. ಎಂಟು ಬಂದರೂ ಬೇಜಾರು ಬೇಡ, ಐವತ್ತು ಬಂದರೆ ಮಾತ್ರ ಸ್ನಿಗ್ಧತೆಯ ಅಂಕಿ ತಪ್ಪಿದೆಯೇ ನೋಡಿ.

ಗಾಳಿಯನ್ನು ನಿಧಾನವಾಗಿ, ಒಂದೇ ಸಮ ಬಿಡುವುದು ಹೇಗೆ? ಸಿರಿಂಜ್ ಪಂಪ್ ಕೊಳ್ಳಲು ಹೊರಡುವವರಿಗೆ ನಮ್ಮಮ್ಮ ಹೇಳುತ್ತಿದ್ದದ್ದು ಹೇಳುತ್ತೇನೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮೆಡಿಕಲ್ ಸ್ಟೋರಿನಿಂದ ಒಂದು ಡ್ರಿಪ್ ಸೆಟ್ ತನ್ನಿ. ನೀರಿನ ಬಾಟಲಿಯನ್ನು ಗಾಜಿಗಿಂತ ಒಂದೂವರೆ ಮೀಟರ್ ಮೇಲೆ, ಬೀರುವಿನ ತಲೆಯ ಮೇಲೋ ಕಿಟಕಿ ಸರಳಿಗೋ ಕಟ್ಟಿ. ಬಾಟಲಿಗೆ ಮೇಲಿನಿಂದ ಒಂದು ಗಾಳಿತೂತು ಇರಲಿ. ಡ್ರಿಪ್ಪಿನ ಕೆಳತುದಿ ಒಂದು ಚಿಕ್ಕ ಬಾಟಲಿಗೆ ಹೋಗಲಿ, 30 ಮಿ.ಲೀ. ಸಾಕು, ರಬ್ಬರ್ ಬಿರಡೆ ಬಿಗಿಯಾಗಿರಬೇಕು. ಅದೇ ಬಿರಡೆಯಿಂದ ಇನ್ನೊಂದು ನಳಿಕೆ ಗಾಜಿನ ತೂತಿಗೆ. ನೀರು ಹನಿದಷ್ಟೂ ಗಾಳಿ ಹೊರಗೆ. ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ 1 ಮಿ.ಲೀ., ಕವರಿನ ಮೇಲೆ ಅಚ್ಚಾಗಿರುತ್ತದೆ. ಸೆಕೆಂಡಿಗೆ 2 ಹನಿ ಬಿಟ್ಟರೆ ಮೇಲೆ ಹೇಳಿದ ವೇಗ ಅಂದಾಜಾಗಿ ಸಿಗುತ್ತದೆ.

ಎತ್ತರ ಯಾಕೆ ಅಷ್ಟು ಎಂದರೆ, ಆರಂಭದಲ್ಲಿ ಇಷ್ಟು ಗ್ಲಿಸರಿನ್ನನ್ನು ಈ ವೇಗದಲ್ಲಿ ತಳ್ಳಲು ಸುಮಾರು 60 ಸೆಂ.ಮೀ. ನೀರಿನಷ್ಟು ಒತ್ತಡ ಬೇಕು. ಬೆರಳುಗಳು ಮುಂದೆ ಹೋದ ಹಾಗೆ ಅದು ಕಡಿಮೆಯಾಗುತ್ತದೆ. ಚಿಕ್ಕ ಬಾಟಲಿಯೊಳಗಿನ ಗಾಳಿ ಮೊದಲು ಕುಗ್ಗಿ ಆಮೇಲೆ ಹಿಗ್ಗುವುದರಿಂದ ಹನಿಯ ಲೆಕ್ಕಕ್ಕೂ ಅಂಚಿನ ವೇಗಕ್ಕೂ ತಾಳೆಯಾಗುವುದಿಲ್ಲ. ಲೀಟರ್ ಬಾಟಲಿ ಇಟ್ಟವರಿಗೆ ಇದು ಸಾಕುಬೇಕು ಮಾಡುತ್ತದೆ. ಹಾಗಾಗಿ ಹನಿ ಎಣಿಸುವುದು ಕ್ಲ್ಯಾಂಪ್ ಸರಿಯಾಗಿದೆಯೇ ಎಂದು ತಿಳಿಯಲು ಮಾತ್ರ. ವೇಗವನ್ನು ವಿಡಿಯೊದಿಂದಲೇ ತೆಗೆಯಿರಿ: ಗಾಜಿನ ಕೆಳಗೆ ಬಿಳಿ ಹಾಳೆ, ಅದರ ಮೇಲೆ ಗ್ರಾಫ್ ಚೌಕದ ಒಂದು ಪಟ್ಟಿ, ಮೇಲೆ ಸ್ಟ್ಯಾಂಡಿನಲ್ಲಿ ಮೊಬೈಲು. ಇಂತಿಷ್ಟು ಸೆಕೆಂಡಿನಲ್ಲಿ ಅಂಚು ಎಷ್ಟು ಚೌಕ ಸರಿಯಿತು ಎಂದು ನೋಡಿದರೆ ಆಯಿತು.

ಗುಳ್ಳೆ ಮೊದಲು ಗುಂಡಗೆ ಇರುತ್ತದೆ. ಯಾವ ತ್ರಿಜ್ಯದಲ್ಲಿ ಮೊದಲ ಸೊಟ್ಟು ಕಂಡಿತು ಎಂದು ವಿಡಿಯೊ ಹಿಂದೆ ಮುಂದೆ ಓಡಿಸಿ ಗುರುತು ಮಾಡಿ. ಇದೇ ನಾನು ಹೇಳಿದ ಗಡಿ. ಮುಂದೆ ಉಬ್ಬು ಬೆರಳಾಗುತ್ತದೆ, ಬೆರಳಿನ ತುದಿ ಅಗಲವಾಗುತ್ತದೆ, ತುದಿಯ ಮೇಲೆಯೇ ಹೊಸ ಅಲೆ ಎದ್ದು ಎರಡಾಗಿ ಸೀಳುತ್ತದೆ, ಸೀಳಿದ್ದು ಮತ್ತೆ ಸೀಳುತ್ತದೆ. ಎಲ್ಲರೂ ಫೋಟೊ ತೆಗೆಯುವುದು ಈ ಹಂತದಲ್ಲಿ. ನೀವೂ ತೆಗೆಯಿರಿ, ತಪ್ಪೇನಿಲ್ಲ, ಆದರೆ ಅಳತೆಯ ಕಾಲಮ್ಮಿಗೆ ಹೋಗಬೇಕಾದದ್ದು ಮೊದಲ ಉಬ್ಬುಗಳು.

ಹೆಚ್ಚು ವೇಗ ಬೇಕಾದಾಗ ಡ್ರಿಪ್ಪಿಗೆ ಸಾಧ್ಯವಾಗುವುದಿಲ್ಲ, ಆಗ ಸಿರಿಂಜಿನಿಂದಲೇ ಗಾಳಿ ಒತ್ತಿ. ಕೈ ನಡುಗಿದರೂ ಚಿಂತೆಯಿಲ್ಲ, ವೇಗ ವಿಡಿಯೊದಲ್ಲಿ ಇದ್ದೇ ಇದೆ. ಬೇರೆ ಬೇರೆ ವೇಗಕ್ಕೆ ಬೆರಳಿನ ಅಗಲ ಅಳೆದು ಲಾಗ್-ಲಾಗ್ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟರೆ ಇಳಿಜಾರು ಅರ್ಧದ ಹತ್ತಿರ ಬರಬೇಕು, ಕೆಳಮುಖವಾಗಿ. ವೇಗ ನಾಲ್ಕು ಪಟ್ಟಾದರೆ ಬೆರಳು ಅರ್ಧಕ್ಕಿಳಿಯುತ್ತದೆ.

ಅದು ಬಂದ ಮೇಲೆ ಇನ್ನೊಂದು ಕೆಲಸ ಮಾಡಿ, ನನಗೆ ಈ ಇಡೀ ಪ್ರಯೋಗದಲ್ಲಿ ಅಚ್ಚುಮೆಚ್ಚಿನದು. ಗಾಳಿಯ ಬದಲು ನೀಲಿ ಬಣ್ಣದ ನೀರು ಬಿಡಿ. ನೀರು ಗ್ಲಿಸರಿನ್ನಿನಲ್ಲಿ ಬೆರೆಯುತ್ತದೆ, ನಡುವೆ ಮೇಲ್ಮೈ ಎಳೆತ ಇಲ್ಲವೆಂದೇ ಹೇಳಬಹುದು. ಸೂತ್ರ ನಂಬಿದರೆ ಬೆರಳಿನ ಅಗಲ ಸೊನ್ನೆಯಾಗಬೇಕು! ಆಗುವುದಿಲ್ಲ. ಬೆರಳುಗಳು ಸಣ್ಣವಾಗುತ್ತವೆ, ಆದರೆ ಸಂದಿಯ ಸುಮಾರು ನಾಲ್ಕು ಪಟ್ಟಿಗೆ ನಿಲ್ಲುತ್ತವೆ, ವೇಗ ಬದಲಿಸಿದರೂ ಹೆಚ್ಚು ಅಲ್ಲಾಡುವುದಿಲ್ಲ. ಲಿಂಕನ್ ಪ್ಯಾಟರ್ಸನ್ 1985ರಲ್ಲಿ ತೋರಿಸಿದ್ದು ಇದು. ಅರ್ಧ ಮಿ.ಮೀ. ಸಂದಿಗೆ 2 ಮಿ.ಮೀ. ಎಂದಾಯಿತು. ಇಲ್ಲಿ ಅಗಲ ನಿರ್ಧರಿಸುವುದು ಎಳೆತವಲ್ಲ, ಗಾಜುಗಳ ನಡುವಿನ ಅಂತರ. ಒಂದೇ ಗ್ರಾಫಿನ ಮೇಲೆ ಗಾಳಿಯ ಚುಕ್ಕಿ ಇಳಿಜಾರಾಗಿ, ನೀರಿನ ಚುಕ್ಕಿ ಸಮತಟ್ಟಾಗಿ ಬಂದರೆ ನಿಮ್ಮ ಪ್ರಾಜೆಕ್ಟ್ ಮುಗಿಯಿತು, ವೈವಾದಲ್ಲಿ ಯಾರು ಏನು ಕೇಳಿದರೂ ಉತ್ತರ ಆ ಹಾಳೆಯಲ್ಲಿದೆ. ಒಂದು ಎಚ್ಚರಿಕೆ: ಒಮ್ಮೆ ನೀರು ಬಿಟ್ಟ ಗ್ಲಿಸರಿನ್ನನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ನೆಲದ ಮೇಲೆ ಬಿದ್ದದ್ದನ್ನು ಒಣಬಟ್ಟೆಯಿಂದ ಒರೆಸಿ ಆಮೇಲೆ ನೀರು ಹಾಕಿ. ಹಳೆಯ ಮನೆಯ ಕಾವಿ ನೆಲದ ಮೇಲೆ ಗ್ಲಿಸರಿನ್ ಬಿದ್ದಿದ್ದು ಕಾಣುವುದಿಲ್ಲ, ಕಾಲಿಗೇ ಗೊತ್ತಾಗುವುದು.

ಸ್ಪೀಕರ್ ಮೇಲೆ ಚೌಕದ ಅಲೆಗಳು

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಂಟಿಂಚಿನ ಹಳೆಯ ವೂಫರ್ ಒಂದು, ಚಿಕ್ಕ ಆಂಪ್ಲಿಫೈಯರ್ ಬೋರ್ಡ್ ಒಂದು ತನ್ನಿ. ಚೌಕಾಸಿ ಮಾಡಲು ಬಾರದಿದ್ದರೆ ಚೌಕಾಸಿ ಬರುವ ಗೆಳೆಯರನ್ನು ಕರೆದುಕೊಂಡು ಹೋಗಿ. ಕೋನ್ ನಡುವಿಗೆ ಒಂದು ಚಪ್ಪಟೆ ತಳದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಅಂಟಿಸಿ, ಅದರಲ್ಲಿ 1 ಸೆಂ.ಮೀ. ಆಳ ನೀರು. ಮೊಬೈಲಿನ ಟೋನ್ ಜನರೇಟರ್ ಆ್ಯಪಿನಿಂದ 40 ಹರ್ಟ್ಸ್ ಕೊಡಿ. ಸ್ಪೀಕರನ್ನು ನೆಲದ ಮೇಲೆ ದಪ್ಪ ಚಾಪೆಯ ಮೇಲಿಡಿ, ರಸ್ತೆ ಪಕ್ಕದ ಮನೆಯಾದರೆ ರಾತ್ರಿ ಮಾಡಿ, ಬಿಎಂಟಿಸಿ ಬಸ್ಸು ಹೋದಾಗಲೆಲ್ಲ ನೀರು ತಾನೇ ನಡುಗುತ್ತದೆ. ಬೀದಿಯಲ್ಲಿ ಅಣ್ಣಮ್ಮನ ಉತ್ಸವದ ಆರ್ಕೆಸ್ಟ್ರಾ ಇರುವ ದಿನ ಪುಸ್ತಕ ಮುಚ್ಚಿ ಹಾಡು ಕೇಳಿ.

ವಾಲ್ಯೂಮ್ ಸ್ವಲ್ಪ ಏರಿಸಿದ ಕೂಡಲೇ ಅಂಚಿನಿಂದ ಬಳೆ ಬಳೆಯಾಗಿ ಅಲೆ ಬರುತ್ತದೆ. ಇದಕ್ಕೆ ಮೋಸ ಹೋಗಬೇಡಿ. ಅದು ಗೋಡೆಗೆ ಅಂಟಿದ ನೀರಿನ ಅಂಚು ಏರಿಳಿಯುವುದರಿಂದ ಹುಟ್ಟಿದ್ದು, ಅದಕ್ಕೆ ಗಡಿಯೆಂಬುದೇ ಇಲ್ಲ, ಎಷ್ಟು ಮೆಲ್ಲಗೆ ಅಲುಗಿಸಿದರೂ ಇರುತ್ತದೆ. ನಾವು ಕಾಯುತ್ತಿರುವುದು ನಡುವಿನಲ್ಲಿ ಥಟ್ಟನೆ ಏಳುವ ಏರಿಳಿತದ ಚೌಕಳಿ. ಮೈಕೆಲ್ ಫ್ಯಾರಡೆ 1831ರಲ್ಲಿ ಇದನ್ನು ಬರೆದಿಟ್ಟ, ನೀರು ಅಲುಗುವುದು ತಟ್ಟೆಯ ಆವೃತ್ತಿಯಲ್ಲಲ್ಲ, ಅದರ ಅರ್ಧದಲ್ಲಿ ಎಂದೂ ಗುರುತಿಸಿದ. 1883ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಅದನ್ನು ಖಚಿತಪಡಿಸಿದರು. ನಮ್ಮ ಸಿ.ವಿ. ರಾಮನ್ ಬೆಂಗಳೂರಿಗೆ 1933ರಲ್ಲಿ ಬರುವುದಕ್ಕೂ ಬಹಳ ಹಿಂದೆ, ಕಲ್ಕತ್ತೆಯಲ್ಲಿ ಅಕೌಂಟ್ಸ್ ಆಫೀಸಿನ ಕೆಲಸ ಮುಗಿಸಿ ಉಳಿದ ವೇಳೆಯಲ್ಲಿ ತಂತಿಯ ಎಳೆತವನ್ನು ಲಯಬದ್ಧವಾಗಿ ಏರಿಳಿಸಿ ಇದೇ ಜಾತಿಯ ಕಂಪನಗಳನ್ನು ಅಭ್ಯಾಸ ಮಾಡುತ್ತಿದ್ದರು, 1912ರಲ್ಲಿ ಪ್ರಕಟಿಸಿದರು. ರಾಮನ್ ಎಂದರೆ ಬೆಳಕು ಮಾತ್ರ ಎನ್ನುವವರಿಗೆ ಇದನ್ನು ಹೇಳಲೇಬೇಕೆನಿಸುತ್ತದೆ.

ಅರ್ಧ ಆವೃತ್ತಿಯನ್ನು ಈಗ ನೀವೇ ನೋಡಬಹುದು. ಮೊಬೈಲಿನ ಸ್ಲೋ ಮೋಶನ್ ಸೆಕೆಂಡಿಗೆ 240 ಚಿತ್ರ ತೆಗೆಯುವುದಾದರೆ, 40 ಹರ್ಟ್ಸಿಗೆ ತಟ್ಟೆ 6 ಚಿತ್ರಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ನೀರಿನ ದಿಬ್ಬ ಮಾತ್ರ 12 ಚಿತ್ರಕ್ಕೊಮ್ಮೆ. ಆರನೆಯ ಚಿತ್ರದಲ್ಲಿ ದಿಬ್ಬವಿದ್ದಲ್ಲಿ ಹಳ್ಳವಿರುತ್ತದೆ. ದಿಬ್ಬದಿಂದ ಪಕ್ಕದ ದಿಬ್ಬಕ್ಕೆ ಸುಮಾರು 12 ಮಿ.ಮೀ. ಸಿಗಬೇಕು, ಆವೃತ್ತಿಯನ್ನು 30ಕ್ಕೆ ಇಳಿಸಿದರೆ 15ಕ್ಕೆ ಏರುತ್ತದೆ, 60ಕ್ಕೆ ಏರಿಸಿದರೆ ಎಂಟೂವರೆಗೆ ಇಳಿಯುತ್ತದೆ. ಒಂದೇ ದೂರ ಅಳೆಯಬೇಡಿ, ಸಾಲಾಗಿ ಹತ್ತು ದಿಬ್ಬ ಅಳೆದು ಭಾಗಿಸಿ.

ಗಡಿ ಹುಡುಕುವುದಕ್ಕೆ ಸ್ಪೀಕರಿನ ಎರಡು ತಂತಿಗೆ ಮಲ್ಟಿಮೀಟರ್ ಹಚ್ಚಿ, ಎ.ಸಿ. ವೋಲ್ಟ್ ಓದಿ. ಆವೃತ್ತಿ ಬದಲಿಸದಿದ್ದರೆ ತಟ್ಟೆಯ ಅಲುಗಾಟ ಅದಕ್ಕೆ ಸಮಪ್ರಮಾಣ, ನಮಗೆ ಅಷ್ಟು ಸಾಕು. ನಾಬನ್ನು ಕೂದಲೆಳೆಯಷ್ಟು ತಿರುಗಿಸಿ, ಅರ್ಧ ನಿಮಿಷ ಕಾಯಿರಿ, ಮತ್ತೆ ತಿರುಗಿಸಿ. ಕಾಯದೆ ತಿರುಗಿಸುವವರಿಗೆ ಗಡಿ ಯಾವತ್ತೂ ಹೆಚ್ಚಾಗಿಯೇ ಸಿಗುತ್ತದೆ, ಏಕೆಂದರೆ ಗಡಿಯ ಹತ್ತಿರ ವಿನ್ಯಾಸ ಬೆಳೆಯುವುದು ತೀರ ನಿಧಾನ. ಇದು ಈ ವಿಷಯದಲ್ಲಿ ಎಲ್ಲೆಡೆಯೂ ಇರುವ ಗುಣ. ಚೌಕಳಿ ಎದ್ದ ವೋಲ್ಟ್ ಬರೆದ ಮೇಲೆ ಅದೇ ನಿಧಾನದಲ್ಲಿ ಇಳಿಸುತ್ತ ಬನ್ನಿ, ಅದು ಮಾಯವಾಗುವ ವೋಲ್ಟನ್ನೂ ಬರೆಯಿರಿ. ಎರಡೂ ಒಂದೇ ಆದರೆ ಒಂದು ಬಗೆಯ ಹುಟ್ಟು, ಇಳಿಯುವಾಗಿನದು ಕಡಿಮೆಯಾದರೆ ಇನ್ನೊಂದು ಬಗೆ: ಹುಟ್ಟಲು ಬೇಕಾದಷ್ಟು ಬಲ ಬದುಕಲು ಬೇಕಿಲ್ಲ. ನೀರಿನ ಮೇಲೆ ಎಣ್ಣೆಯ ಜಿಡ್ಡು ಒಂಚೂರು ಇದ್ದರೂ ಈ ಅಂಕಿಗಳು ಓಡಾಡುತ್ತವೆ. ಮುಚ್ಚಳವನ್ನು ಸಾಬೂನಿನಲ್ಲಿ ತೊಳೆದು ಸಾಬೂನೂ ಉಳಿಯದಂತೆ ಮತ್ತೆ ಮತ್ತೆ ನೀರಿನಲ್ಲಿ ತೊಳೆಯಿರಿ.

ಎಣ್ಣೆಯನ್ನು ಕಾಯಿಸಿ ಷಟ್ಕೋನ ನೋಡಬೇಕು ಎಂಬ ಆಸೆ ಹಲವರಿಗೆ. ಫ್ರಾನ್ಸಿನ ಭೌತವಿಜ್ಞಾನಿ ಆನ್ರಿ ಬೆನಾರ್ 1900ರಲ್ಲಿ ನೋಡಿದ್ದು. ರೇಲಿ 1916ರಲ್ಲಿ, ಬಿಸಿ ದ್ರವ ಹಗುರಾಗಿ ಮೇಲೇಳುವುದೇ ಕಾರಣ ಎಂದು ಲೆಕ್ಕ ಹಾಕಿದರು. ಎರಡು ಗಟ್ಟಿ ತಟ್ಟೆಗಳ ನಡುವೆ ಆ ಗಡಿಯ ಸಂಖ್ಯೆ (ಮೇಲೇಳಿಸುವ ಬಲವನ್ನು ಅದಕ್ಕೆ ಅಡ್ಡಿಯಾಗುವುದರ ಜೊತೆ ಹೋಲಿಸುವ ರೇಲಿ ಸಂಖ್ಯೆ) 1708, ಈ ಕ್ಷೇತ್ರದವರಿಗೆ ಮನೆ ನಂಬರಿನಷ್ಟು ಬಾಯಿಗೆ ಬರುವ ಸಂಖ್ಯೆ. ತಮಾಷೆ ಎಂದರೆ, ಮೇಲೆ ತೆರೆದಿದ್ದ ಬೆನಾರ್‌ನ ತೆಳು ಪದರದಲ್ಲಿ ನಿಜವಾದ ಕಾರಣ ಮೇಲ್ಮೈ ಎಳೆತ ಎಂದು 1950ರ ದಶಕದಲ್ಲಿ ಗೊತ್ತಾಯಿತು. ಮನೆಯಲ್ಲಿ ನೋಡಬೇಕಾದರೆ ಸ್ಟೀಲ್ ತಟ್ಟೆಯಲ್ಲಿ 2 ಮಿ.ಮೀ. ಎಣ್ಣೆ, ಅದರಲ್ಲಿ ಚಿಟಿಕೆ ಮಿನುಗುವ ಮೈಕಾ ಪುಡಿ, ತಟ್ಟೆಯ ಕೆಳಗೆ ಬಿಸಿನೀರಿನ ಪಾತ್ರೆ. ಸ್ಟೌ ಉರಿಯ ಮೇಲೆ ನೇರ ಇಡಬೇಡಿ. ಇದನ್ನು ಚೆನ್ನಾಗಿ ಅಳೆಯಲು ತಾಪವನ್ನು ಕಟ್ಟುನಿಟ್ಟಾಗಿ ಹಿಡಿದಿಡಬೇಕು, ಅದು ಮನೆಯಲ್ಲಿ ಆಗದ ಮಾತು. ನೋಡಿ ಸಂತೋಷಪಟ್ಟು ಬಿಟ್ಟುಬಿಡಿ.

ತೊಟ್ಟಿಕ್ಕುವ ನಲ್ಲಿ

ಮೂರನೆಯದಕ್ಕೆ ಖರ್ಚೇ ಇಲ್ಲ. ವಾಷರ್ ಹೋದ ನಲ್ಲಿಯ ಕೆಳಗೆ ಸ್ಟೀಲ್ ತಟ್ಟೆ ಬೋರಲು ಹಾಕಿ, ಪಕ್ಕದಲ್ಲಿ ಮೊಬೈಲಿನ ರೆಕಾರ್ಡರ್ ಇಡಿ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಸ್‌ನಲ್ಲಿ ರಾಬರ್ಟ್ ಶಾ ಮತ್ತು ಜೊತೆಗಾರರು 1980ರ ದಶಕದಲ್ಲಿ ಮಾಡಿದ್ದು ಹೆಚ್ಚೂಕಡಿಮೆ ಇದನ್ನೇ. ಅವರು ಬೆಳಕಿನ ಕಿರಣಕ್ಕೆ ಹನಿ ಅಡ್ಡ ಬರುವ ಹೊತ್ತನ್ನು ಹಿಡಿದರು, ನಾವು ಸದ್ದನ್ನು ಹಿಡಿಯೋಣ. ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ಆಡಾಸಿಟಿಯಲ್ಲಿ ತೆರೆದರೆ (ಸಾಫ್ಟ್‌ವೇರ್ ಕೇಳಿದವರೇ, ನಿಮ್ಮ ಸರದಿ ಬಂತು) ಒಂದೊಂದು ಹನಿಯೂ ಒಂದು ಮುಳ್ಳಾಗಿ ಕಾಣುತ್ತದೆ. ಹನಿಯಿಂದ ಹನಿಗೆ ಎಷ್ಟು ಹೊತ್ತು ಎಂದು ಸಾಲಾಗಿ ಬರೆದುಕೊಳ್ಳಿ. ಆಮೇಲೆ ಅಡ್ಡಗೆರೆಯಲ್ಲಿ ಒಂದು ಅಂತರ, ನಿಲುಗೆರೆಯಲ್ಲಿ ಅದರ ಮುಂದಿನ ಅಂತರ, ಹೀಗೆ ಚುಕ್ಕಿ ಇಡುತ್ತ ಹೋಗಿ.

ಒಂದೇ ಸಮ ತೊಟ್ಟಿಕ್ಕುವ ನಲ್ಲಿಯಲ್ಲಿ ಚುಕ್ಕಿಗಳೆಲ್ಲ ಒಂದೇ ಕಡೆ ಗುಂಪಾಗುತ್ತವೆ. ಸ್ವಲ್ಪ ತಿರುಗಿಸಿ ಹರಿವು ಹೆಚ್ಚಿಸಿ, ಒಂದು ಹಂತದಲ್ಲಿ ಟಪ್-ಟಪ್, ಟಪ್-ಟಪ್ ಎಂದು ಜೋಡಿ ಸದ್ದು ಕೇಳಲು ಶುರುವಾಗುತ್ತದೆ, ಉದ್ದ ಅಂತರ, ಗಿಡ್ಡ ಅಂತರ, ಮತ್ತೆ ಉದ್ದ. ಗ್ರಾಫಿನಲ್ಲಿ ಗುಂಪು ಎರಡಾಗಿರುತ್ತದೆ. ಅವಧಿ ದ್ವಿಗುಣವಾಯಿತು ಎನ್ನುವುದು ಇದಕ್ಕೇ. ಕಾರಣ, ಬಿದ್ದ ಹನಿ ಬಿಟ್ಟುಹೋದ ನೀರು ನಲ್ಲಿಯ ಬಾಯಲ್ಲಿ ತೂಗಾಡುತ್ತಿರುತ್ತದೆ, ಮುಂದಿನ ಹನಿ ಯಾವಾಗ ಬೀಳುವುದೆಂದು ಆ ತೂಗಾಟ ನಿರ್ಧರಿಸುತ್ತದೆ. ಇನ್ನೂ ತಿರುಗಿಸಿದರೆ ಲಯ ತಪ್ಪುತ್ತದೆ. ಆದರೆ ಚುಕ್ಕಿಗಳು ಹಾಳೆ ತುಂಬ ಚೆಲ್ಲಾಪಿಲ್ಲಿಯಾಗದೆ ಒಂದು ಬಾಗಿದ ಗೆರೆಯ ಮೇಲೆ ಸೇರಿಕೊಂಡರೆ, ನಿಮ್ಮ ಕೈಗೆ ಕೇಯಾಸ್ ಸಿಕ್ಕಿದೆ: ಮುಂದಿನ ಹನಿಯನ್ನು ಈ ಹನಿಯೇ ಗೊತ್ತುಮಾಡುತ್ತಿದೆ, ಹತ್ತನೆಯ ಹನಿಯನ್ನು ಮಾತ್ರ ಯಾರೂ ಹೇಳಲಾರರು. ಚಿಟ್ಟೆ ರೆಕ್ಕೆ ಬಡಿದರೆ ಎಲ್ಲೋ ಬಿರುಗಾಳಿ ಏಳುತ್ತದೆ ಎಂಬ ಕೇಯಾಸಿನ ಹೆಸರಾಂತ ಹೋಲಿಕೆ ಇಲ್ಲಿ ಎಲ್ಲೂ ಬೇಕಾಗುವುದಿಲ್ಲ.

ಅಪಾರ್ಟ್‌ಮೆಂಟಿನ ನಲ್ಲಿಯಲ್ಲಿ ಒಂದು ತೊಡಕಿದೆ. ಮೇಲಿನ ಟ್ಯಾಂಕಿನ ಮಟ್ಟ ಇಳಿದ ಹಾಗೆ, ಪಕ್ಕದ ಮನೆಯವರು ಸ್ನಾನಕ್ಕೆ ಹೊರಟ ಹಾಗೆ ಹರಿವು ಬದಲಾಗುತ್ತದೆ, ಚುಕ್ಕಿಗಳ ಗುಂಪು ಮೆಲ್ಲಗೆ ಜರುಗುತ್ತದೆ. ಅದನ್ನು ಕೇಯಾಸ್ ಎಂದು ಬರೆದುಕೊಂಡು ಬರುವವರಿದ್ದಾರೆ. ಸಂದೇಹ ಬಂದರೆ ನಲ್ಲಿ ಬಿಟ್ಟು ಮುಚ್ಚಿದ ಬಾಟಲಿಯಿಂದ ಮಾಡಿ: ಬಿರಡೆಯಿಂದ ಒಂದು ನಳಿಕೆ ತಳದ ಹತ್ತಿರದವರೆಗೆ ಇಳಿದು ಹೊರಗಿನ ಗಾಳಿಯನ್ನು ಒಳಗೆ ಬಿಡಲಿ, ನೀರು ಬುಡದ ನಳಿಕೆಯಿಂದ ಹೋಗಲಿ. ನೀರಿನ ಮಟ್ಟ ಗಾಳಿಯ ನಳಿಕೆಯ ತುದಿಗೆ ಇಳಿಯುವವರೆಗೆ ಹರಿವು ಬದಲಾಗುವುದಿಲ್ಲ. ನಲ್ಲಿಯಲ್ಲಿ ಕಂಡ ಜರುಗಾಟ ಬಾಟಲಿಯಲ್ಲೂ ಕಂಡರೆ ಮಾತ್ರ ನನಗೆ ತೋರಿಸಿ. ಬಾಟಲಿಯಲ್ಲಿ ಕಾಣದೆ ನಲ್ಲಿಯಲ್ಲಿ ಮಾತ್ರ ಕಂಡರೆ, ಸೊಸೈಟಿಯ ವಾಚ್‌ಮನ್ ಮೋಟರ್ ಹಾಕಿದ ಸಮಯ ಕೇಳಿ ಗ್ರಾಫಿನ ಅಂಚಿನಲ್ಲಿ ಬರೆದುಬಿಡಿ.